ಮಗ್ಗಿ ಪುಸ್ತಕದಲ್ಲಿ ಐದು ಮನೆ ಖಾಲಿ

ಕೊಂಡ ವಸ್ತುವಿನಲ್ಲಿ ದೋಷವಿದೆ. ಅದು ದೊಡ್ಡದೋ ಚಿಕ್ಕದೋ ಎಂದು ತೀರ್ಮಾನಿಸಬೇಕಾದವರು ಯಾರು, ತಯಾರಿಸಿದವರೋ ಕೊಂಡವರೋ? 1994ರಲ್ಲಿ ಒಂದು ಭಾಗಾಕಾರದ ಲೆಕ್ಕ ಈ ಪ್ರಶ್ನೆಯನ್ನು ಜಗತ್ತಿನ ಮುಂದಿಟ್ಟಿತು.

ಸಂತೆಯಲ್ಲಿ ಬೆಂಡೆಕಾಯಿ ಕೊಳ್ಳುವಾಗ ತುದಿ ಮುರಿದು ನೋಡುವುದು ನಮ್ಮ ಅಜ್ಜಿಯರ ಕ್ರಮ. ಟಕ್ಕೆಂದು ಮುರಿದರೆ ಎಳೆಯದು, ಬಳುಕಿದರೆ ಬಲಿತದ್ದು. ಮಡಕೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಬರುವ ನಾದದಿಂದಲೇ ಬಿರುಕಿದೆಯೋ ಇಲ್ಲವೋ ಎಂದು ಹೇಳಿಬಿಡುತ್ತಿದ್ದರು. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ ನೀರಿನ ಸದ್ದು ಕೇಳುತ್ತಿದ್ದರು. ಕೊಳ್ಳುವವರ ಕಣ್ಣು, ಕಿವಿ, ಬೆರಳುಗಳೇ ಅಂದಿನ ತಪಾಸಣಾಧಿಕಾರಿಗಳು. ಮೋಸ ಹೋದರೂ ಅದು ಒಂದು ಹೊತ್ತಿನ ಸಾರಿಗೆ ಸೀಮಿತವಾಗಿರುತ್ತಿತ್ತು.

ಈಗ ಮಗಳ ಕಾಲೇಜಿಗೆಂದು ಲ್ಯಾಪ್‌ಟಾಪ್ ಕೊಳ್ಳಲು ಅಂಗಡಿಗೆ ಹೋದ ತಂದೆಯೊಬ್ಬರನ್ನು ಊಹಿಸಿಕೊಳ್ಳಿ. ಅವರು ಏನನ್ನು ತಟ್ಟಿ ನೋಡಬೇಕು? ಏನನ್ನು ಮುರಿದು ನೋಡಬೇಕು? ಬೆರಳ ಉಗುರಿನಷ್ಟು ಅಗಲದ ಸಿಲಿಕಾನ್ ಬಿಲ್ಲೆಯೊಳಗೆ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳಿವೆ. ಅಂಗಡಿಯವನಿಗೂ ಅವುಗಳ ಒಳಗುಟ್ಟು ಗೊತ್ತಿಲ್ಲ. ಆಧುನಿಕ ತಂತ್ರಜ್ಞಾನದ ಯಾವ ವಸ್ತುವನ್ನೇ ಕೊಂಡರೂ ನಾವು ನಿಜವಾಗಿ ಕೊಳ್ಳುವುದು ತಯಾರಕನ ಮಾತನ್ನು. ಆ ಮಾತು ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಕಂಪ್ಯೂಟರ್ ಚರಿತ್ರೆಯಲ್ಲಿ ಒಂದು ಪ್ರಸಿದ್ಧ ಪ್ರಸಂಗವಿದೆ. ಪ್ರೌಢಶಾಲೆಯ ಭಾಗಾಕಾರ ಬಲ್ಲ ಯಾರಿಗಾದರೂ ಅದು ಅರ್ಥವಾಗುವಂಥದು.

ತನ್ನನ್ನೇ ಮೊದಲು ಅನುಮಾನಿಸಿದ ಮೇಷ್ಟರು

ಅಮೆರಿಕದ ವರ್ಜೀನಿಯಾ ರಾಜ್ಯದ ಲಿಂಚ್‌ಬರ್ಗ್ ಕಾಲೇಜಿನಲ್ಲಿ ಥಾಮಸ್ ನೈಸ್ಲಿ ಎಂಬ ಗಣಿತ ಪ್ರಾಧ್ಯಾಪಕರಿದ್ದರು. ಅವರಿಗೆ ಅವಳಿ ಅವಿಭಾಜ್ಯ ಸಂಖ್ಯೆಗಳಲ್ಲಿ ಆಸಕ್ತಿ. 3 ಮತ್ತು 5, 11 ಮತ್ತು 13, 17 ಮತ್ತು 19, ಹೀಗೆ ಎರಡರ ಅಂತರದಲ್ಲಿ ಜೋಡಿಯಾಗಿ ಬರುವ ಅವಿಭಾಜ್ಯಗಳಿವು. ಈ ಜೋಡಿಗಳ ವ್ಯುತ್ಕ್ರಮಗಳನ್ನು, ಅಂದರೆ ಮೂರನೆಯ ಒಂದು, ಐದನೆಯ ಒಂದು ಎಂಬಂತೆ, ಕೂಡುತ್ತಾ ಹೋದರೆ ಮೊತ್ತವು ಒಂದು ಮಿತಿಯನ್ನು ದಾಟುವುದಿಲ್ಲವೆಂದು ನಾರ್ವೆಯ ಗಣಿತಜ್ಞ ವಿಗ್ಗೊ ಬ್ರುನ್ 1919ರಲ್ಲಿ ಸಾಧಿಸಿದ್ದರು. ಆ ಮೊತ್ತವನ್ನು ಆದಷ್ಟು ಕರಾರುವಾಕ್ಕಾಗಿ ಲೆಕ್ಕ ಹಾಕುವುದು ನೈಸ್ಲಿಯವರ ಉದ್ದೇಶ. ಹಲವು ಕಂಪ್ಯೂಟರುಗಳನ್ನು ಈ ಕೆಲಸಕ್ಕೆ ಹಚ್ಚಿದ್ದರು. 1994ರ ಮಾರ್ಚ್‌ನಲ್ಲಿ ಆ ಗುಂಪಿಗೆ ಪೆಂಟಿಯಮ್ ಚಿಪ್ ಇದ್ದ ಹೊಸ ಯಂತ್ರವೊಂದು ಸೇರಿತು.

ಪೆಂಟಿಯಮ್ ಆಗ ಇಂಟೆಲ್ ಕಂಪನಿಯ ಹೆಮ್ಮೆಯ ಕೂಸು. 1993ರ ಮಾರ್ಚ್‌ನಲ್ಲಿ ಮಾರುಕಟ್ಟೆಗೆ ಬಂದಿದ್ದ ಈ ಚಿಪ್‌ನಲ್ಲಿ 31 ಲಕ್ಷ ಟ್ರಾನ್ಸಿಸ್ಟರುಗಳಿದ್ದವು. ಲೆಕ್ಕದಲ್ಲಂತೂ ಹಿಂದಿನ 486 ಚಿಪ್‌ಗಿಂತ ಎಷ್ಟೋ ಪಾಲು ಚುರುಕು.

ಜೂನ್ ತಿಂಗಳಲ್ಲಿ ನೈಸ್ಲಿಯವರ ಉತ್ತರಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ನಾವಾಗಿದ್ದರೆ ಏನು ಮಾಡುತ್ತಿದ್ದೆವೋ! ನೈಸ್ಲಿ ಮಾತ್ರ ಮೊದಲು ಅನುಮಾನಿಸಿದ್ದು ತಮ್ಮನ್ನೇ. ತಾವು ಬರೆದ ಪ್ರೋಗ್ರಾಮಿನ ಸಾಲುಸಾಲನ್ನೂ ಪರೀಕ್ಷಿಸಿದರು. ಅದನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರನ್ನು ಪರೀಕ್ಷಿಸಿದರು. ಯಂತ್ರದ ಇತರ ಭಾಗಗಳ ಮೇಲೂ ಅನುಮಾನಪಟ್ಟು ಒಂದೊಂದನ್ನೇ ಪಟ್ಟಿಯಿಂದ ಹೊಡೆದುಹಾಕುತ್ತಾ ಹೋದರು. ಹೀಗೆ ನಾಲ್ಕು ತಿಂಗಳು ಕಳೆದ ಮೇಲೆ, ಅಕ್ಟೋಬರ್‌ನಲ್ಲಿ, ಉಳಿದ ಆರೋಪಿ ಒಂದೇ ಆಗಿತ್ತು: ಪೆಂಟಿಯಮ್ ಚಿಪ್.

ಕೊನೆಗೆ ಸಿಕ್ಕ ಸಾಕ್ಷ್ಯ ಬಹಳ ಸರಳವಾದದ್ದು. 824633702441 ಎಂಬ ಅವಿಭಾಜ್ಯದಿಂದ ಒಂದನ್ನು ಭಾಗಿಸಿ, ಬಂದ ಉತ್ತರವನ್ನು ಮತ್ತೆ ಅದೇ ಸಂಖ್ಯೆಯಿಂದ ಗುಣಿಸಿದರೆ 1 ಬರಬೇಕು. ಪೆಂಟಿಯಮ್ ಕೊಡುತ್ತಿದ್ದುದು 0.99999999627 ಚಿಲ್ಲರೆ. ಹಳೆಯ 486 ಯಂತ್ರದಲ್ಲಿ ಈ ತಪ್ಪು ಇರಲಿಲ್ಲ.

ಅಕ್ಟೋಬರ್ 24ರಂದು ನೈಸ್ಲಿ ಕಂಪನಿಗೆ ವಿಷಯ ತಿಳಿಸಿದರು. ಸಮಾಧಾನಕರ ಉತ್ತರ ಬರಲಿಲ್ಲ. ಅಕ್ಟೋಬರ್ 30ರಂದು ಪರಿಚಿತರಾದ ಕೆಲವರಿಗೆ ಇ-ಮೇಲ್ ಬರೆದು, ನಿಮ್ಮ ಯಂತ್ರದಲ್ಲೂ ಹೀಗಾಗುತ್ತದೆಯೇ ನೋಡಿ ಎಂದು ಕೇಳಿಕೊಂಡರು. ಆ ಪತ್ರ ಕೈಯಿಂದ ಕೈಗೆ ದಾಟಿತು. ನವೆಂಬರ್ ಮೊದಲ ವಾರದಲ್ಲಿ ವೃತ್ತಿಪತ್ರಿಕೆಯೊಂದರಲ್ಲೂ ತಿಂಗಳು ಮುಗಿಯುವ ಮೊದಲೇ ದೂರದರ್ಶನ ವಾಹಿನಿ, ದಿನಪತ್ರಿಕೆಗಳಲ್ಲೂ ಸುದ್ದಿಯಾಯಿತು.

ಚಿಪ್‌ಗೂ ಒಂದು ಮಗ್ಗಿ

ಕಂಪ್ಯೂಟರ್ ಲೆಕ್ಕದಲ್ಲಿ ತಪ್ಪುವುದೆಂದರೇನು? ನಾವು ಶಾಲೆಯಲ್ಲಿ ದೀರ್ಘ ಭಾಗಾಕಾರ ಮಾಡುವ ಬಗೆಯನ್ನು ನೆನಪಿಸಿಕೊಳ್ಳಿ. 4195ನ್ನು 31ರಿಂದ ಭಾಗಿಸಬೇಕು. ಮೊದಲ ಎರಡು ಅಂಕಿ ನೋಡಿ, '41ರಲ್ಲಿ 31 ಎಷ್ಟು ಸಲ?' ಎಂದುಕೊಳ್ಳುತ್ತೇವೆ. ಒಂದು ಸಲ. ಕಳೆದು, ಶೇಷದ ಪಕ್ಕಕ್ಕೆ ಮುಂದಿನ ಅಂಕಿ ಇಳಿಸಿಕೊಂಡು ಮತ್ತೆ ಊಹಿಸುತ್ತೇವೆ. ಮಗ್ಗಿ ಬಾಯಿಗೆ ಬಂದವರಿಗೆ ಊಹೆ ಬೇಗ ಸಿಕ್ಕುತ್ತದೆ. ಊಹೆ ತಪ್ಪಿದರೆ ರಬ್ಬರಿನಿಂದ ಅಳಿಸಿ ಮತ್ತೆ ಬರೆಯುತ್ತೇವೆ.

ಪೆಂಟಿಯಮ್ ಮಾಡುತ್ತಿದ್ದುದೂ ಬಹುಮಟ್ಟಿಗೆ ಇದನ್ನೇ. ಆದರೆ ಚಿಪ್‌ಗೆ ಅಳಿಸುತ್ತಾ ಕೂರಲು ಪುರುಸೊತ್ತಿಲ್ಲ. ಅದಕ್ಕಾಗಿ ಸ್ವೀನಿ, ರಾಬರ್ಟ್‌ಸನ್ ಮತ್ತು ಟೋಚರ್ ಎಂಬ ಮೂವರ ಹೆಸರಿನ ಒಂದು ಜಾಣ ವಿಧಾನವನ್ನು ವಿನ್ಯಾಸಕಾರರು ಬಳಸಿದ್ದರು. ಇದರಲ್ಲಿ ಭಾಗಲಬ್ಧದ ಪ್ರತಿ ಅಂಕಿಯೂ -2, -1, 0, 1, 2 ಈ ಐದರಲ್ಲಿ ಒಂದಾಗಿರುತ್ತದೆ. ಒಂದು ಹೆಜ್ಜೆಯಲ್ಲಿ ತುಸು ಹೆಚ್ಚಾಗಿ ಊಹಿಸಿದರೂ ಮುಂದಿನ ಹೆಜ್ಜೆಯ ಋಣ ಅಂಕಿ ಅದನ್ನು ಸರಿದೂಗಿಸುತ್ತದೆ. ಯಾವ ಅಂಕಿ ತೆಗೆದುಕೊಳ್ಳಬೇಕೆಂದು ಹೇಳಲು ಚಿಪ್‌ನೊಳಗೆ ಒಂದು ಕೋಷ್ಟಕವನ್ನೇ ಕೆತ್ತಿರುತ್ತಾರೆ. ಇದೇ ಅದರ ಮಗ್ಗಿ ಪುಸ್ತಕ. ಭಾಜಕದ ಮೊದಲ ಕೆಲವು ಅಂಕಿಗಳು ಒಂದು ಸಾಲನ್ನು ತೋರಿಸುತ್ತವೆ, ಶೇಷದ ಮೊದಲ ಕೆಲವು ಅಂಕಿಗಳು ಒಂದು ಕಂಬವನ್ನು. ಅವು ಸಂಧಿಸುವ ಮನೆಯಲ್ಲಿ ಬರೆದಿರುವುದೇ ಉತ್ತರ.

ಈ ಕೋಷ್ಟಕದಲ್ಲಿ 2048 ಮನೆಗಳು. ಅವುಗಳಲ್ಲಿ 1066 ಮನೆಗಳು ತುಂಬಿರಬೇಕಿತ್ತು. ಐದು ಮನೆಗಳಲ್ಲಿ 2 ಎಂದು ಇರಬೇಕಾದ ಕಡೆ ಏನೂ ಇರಲಿಲ್ಲ. ಖಾಲಿ ಮನೆಯನ್ನು ಚಿಪ್ ಸೊನ್ನೆ ಎಂದು ಓದಿಕೊಳ್ಳುತ್ತಿತ್ತು. ಚಿಕ್ಕ ತಪ್ಪನ್ನು ಸರಿದೂಗಿಸುವ ಆ ಜಾಣ ವಿಧಾನಕ್ಕೂ ಎರಡರ ಜಾಗದಲ್ಲಿ ಬಂದ ಸೊನ್ನೆಯನ್ನು ಸರಿಪಡಿಸುವ ಶಕ್ತಿ ಇರಲಿಲ್ಲ.

ಐದೂ ಕೋಷ್ಟಕದ ಅಂಚಿನಲ್ಲಿದ್ದ ಮನೆಗಳು. ಕೆಲವೇ ಬಗೆಯ ಭಾಜಕಗಳು ಮಾತ್ರ ಲೆಕ್ಕವನ್ನು ಅಲ್ಲಿಗೆ ಕೊಂಡೊಯ್ಯುತ್ತಿದ್ದವು. ಆದ್ದರಿಂದಲೇ ತಪ್ಪು ಅಪರೂಪ, ಆದ್ದರಿಂದಲೇ ಪರೀಕ್ಷೆಗಳಲ್ಲಿ ಸಿಕ್ಕಿಬೀಳಲಿಲ್ಲ. ಕ್ಯಾಲಿಫೋರ್ನಿಯಾದ ವಿಟೆಸ್ ಸೆಮಿಕಂಡಕ್ಟರ್ ಕಂಪನಿಯಲ್ಲಿದ್ದ ಟಿಮ್ ಕೋ ಎಂಬ ಎಂಜಿನಿಯರ್, ಬೆಳಕಿಗೆ ಬಂದಿದ್ದ ತಪ್ಪು ಉತ್ತರಗಳ ಜಾಡು ಹಿಡಿದೇ ಚಿಪ್‌ನೊಳಗೆ ಏನು ನಡೆಯುತ್ತಿರಬಹುದೆಂದು ತರ್ಕಿಸಿ, ಯಾರು ಬೇಕಾದರೂ ಮಾಡಿನೋಡಬಹುದಾದ ಲೆಕ್ಕವೊಂದನ್ನು ಕೊಟ್ಟರು.

41,95,835ನ್ನು 31,45,727ರಿಂದ ಭಾಗಿಸಿ. ಸರಿಯುತ್ತರ 1.333820449. ಪೆಂಟಿಯಮ್ ಉತ್ತರ 1.333739068. ದಶಾಂಶದ ನಾಲ್ಕನೆಯ ಸ್ಥಾನದಲ್ಲೇ ವ್ಯತ್ಯಾಸ! ಒಂದು ಕೋಟಿ ರೂಪಾಯಿಯ ಲೆಕ್ಕದಲ್ಲಿ ಇದೇ ಪ್ರಮಾಣದ ತಪ್ಪು ನುಸುಳಿದರೆ ಸುಮಾರು 610 ರೂಪಾಯಿ ಏರುಪೇರು. ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು: 31,45,727ನ್ನು ದ್ವಿಮಾನ ಪದ್ಧತಿಯಲ್ಲಿ ಬರೆದು ನೋಡಿ. 10ರ ಮುಂದೆ ಸಾಲಾಗಿ ಇಪ್ಪತ್ತು ಒಂದುಗಳು ಬರುತ್ತವೆ. ಉದ್ದಕ್ಕೆ ಹೀಗೆ ಒಂದುಗಳಿರುವ ಭಾಜಕಗಳೇ ಆ ಖಾಲಿ ಮನೆಗಳ ಬಾಗಿಲು ತಟ್ಟುತ್ತಿದ್ದವು.

ಇಪ್ಪತ್ತೇಳು ಸಾವಿರ ವರ್ಷವೋ, ಇಪ್ಪತ್ತನಾಲ್ಕು ದಿನವೋ?

ತಪ್ಪು ಯಾರಿಂದಲೂ ಆಗಬಹುದು. ಇಂಟೆಲ್ ಮೇಲೆ ಜನ ಸಿಟ್ಟಾದದ್ದು ತಪ್ಪಿಗಾಗಿ ಅಲ್ಲ. ನೈಸ್ಲಿಯವರ ಪತ್ರಕ್ಕೆ ಮೊದಲೇ, ಅದೇ ವರ್ಷದ ಬೇಸಿಗೆಯಲ್ಲಿ, ಕಂಪನಿಯ ಎಂಜಿನಿಯರುಗಳಿಗೆ ಈ ದೋಷ ತಾನಾಗಿಯೇ ಗೊತ್ತಾಗಿತ್ತು. ಮುಂದೆ ತಯಾರಾಗುವ ಚಿಪ್‌ಗಳಲ್ಲಿ ಸರಿಪಡಿಸಿದರಾಯಿತು, ಈಗಾಗಲೇ ಕೊಂಡವರಿಗೆ ಹೇಳಬೇಕಾದಷ್ಟು ದೊಡ್ಡ ವಿಷಯವಲ್ಲ ಎಂದು ಅವರು ತೀರ್ಮಾನಿಸಿದ್ದರು. ದೋಷವಿರುವ ಚಿಪ್‌ಗಳ ಮಾರಾಟ ಮುಂದುವರಿದೇ ಇತ್ತು.

ಗುಟ್ಟು ಬಯಲಾದ ಮೇಲೆ ಕಂಪನಿ ಕೊಟ್ಟ ಸಮಜಾಯಿಷಿ ಹೀಗಿತ್ತು: ಸುಮ್ಮನೆ ಆಯ್ದ ಸಂಖ್ಯೆಗಳಲ್ಲಿ 900 ಕೋಟಿ ಭಾಗಾಕಾರಗಳಿಗೊಮ್ಮೆ ಈ ತಪ್ಪು ಆಗಬಹುದು, ಸಾಮಾನ್ಯ ಬಳಕೆದಾರನಿಗೆ ಇದು 27,000 ವರ್ಷಗಳಿಗೊಮ್ಮೆ ಎದುರಾದೀತು. ಗಂಭೀರ ಲೆಕ್ಕ ಮಾಡುವವರು ತಮಗೆ ಅದರ ಅಗತ್ಯವಿದೆಯೆಂದು ಮನವರಿಕೆ ಮಾಡಿಕೊಟ್ಟರೆ ಚಿಪ್ ಬದಲಾಯಿಸಿಕೊಡುತ್ತೇವೆ.

ಡಿಸೆಂಬರ್ 12ರಂದು ಐಬಿಎಂ ಕಂಪನಿ ಪೆಂಟಿಯಮ್ ಇರುವ ತನ್ನ ಕಂಪ್ಯೂಟರುಗಳ ರವಾನೆಯನ್ನೇ ನಿಲ್ಲಿಸಿತು. ಅದರ ಲೆಕ್ಕದ ಪ್ರಕಾರ ತಪ್ಪು ಎದುರಾಗುವುದು 24 ದಿನಗಳಿಗೊಮ್ಮೆ!

ಒಂದೇ ದೋಷಕ್ಕೆ ಇಪ್ಪತ್ತೇಳು ಸಾವಿರ ವರ್ಷ ಮತ್ತು ಇಪ್ಪತ್ತನಾಲ್ಕು ದಿನ. ಇಬ್ಬರ ಗುಣಾಕಾರ ಭಾಗಾಕಾರದಲ್ಲೂ ತಪ್ಪಿರಲಿಲ್ಲ. ಬೇರೆಯಾಗಿದ್ದುದು ಊಹೆಗಳು. ಬಳಕೆದಾರ ದಿನಕ್ಕೆ ಸುಮಾರು ಸಾವಿರ ಭಾಗಾಕಾರ ಮಾಡುತ್ತಾನೆಂದು ಒಬ್ಬರು ಹಿಡಿದರೆ, ನಲವತ್ತು ಲಕ್ಷಕ್ಕೂ ಹೆಚ್ಚೆಂದು ಇನ್ನೊಬ್ಬರು ಹಿಡಿದಿದ್ದರು. ತಪ್ಪಿಗೆ ಎಡೆಮಾಡುವ ಸಂಖ್ಯೆಗಳು ನಿತ್ಯದ ಲೆಕ್ಕದಲ್ಲಿ ಹೆಚ್ಚಾಗಿ ಬರುತ್ತವೆಂದೂ ಐಬಿಎಂ ಭಾವಿಸಿತ್ತು. ಐಬಿಎಂಗೆ ತನ್ನದೇ ಆದ ಪ್ರತಿಸ್ಪರ್ಧಿ ಚಿಪ್ ಇತ್ತು ಎಂಬುದನ್ನೂ ಮರೆಯಬಾರದು. ಕಂಪನಿಯೊಂದು ಅಂಕಿಅಂಶವನ್ನು ಮುಂದಿಟ್ಟಾಗ ಉತ್ತರವನ್ನು ನೋಡುವ ಮೊದಲು ಊಹೆಯನ್ನು ನೋಡಬೇಕು, ಹೇಳುತ್ತಿರುವವರ ಹಿತಾಸಕ್ತಿಯನ್ನೂ ನೋಡಬೇಕು.

ಆದರೆ ಜನರ ಪ್ರಶ್ನೆ ಲೆಕ್ಕಕ್ಕಿಂತ ಮುಂದಿನದು. ನನ್ನ ಕೆಲಸಕ್ಕೆ ಎಷ್ಟು ನಿಖರತೆ ಬೇಕೆಂದು ತೀರ್ಮಾನಿಸಲು ನೀವು ಯಾರು? ಪೂರ್ತಿ ಬೆಲೆ ಕೊಟ್ಟು ಕೊಂಡಿದ್ದೇನೆ. ನನಗೆ ಸರಿಯಾದ ಚಿಪ್ ಯಾಕೆ ಬೇಕೆಂದು ನಿಮ್ಮ ಮುಂದೆ ನಾನೇಕೆ ಸಾಬೀತು ಮಾಡಬೇಕು? ಫ್ಯಾನು ನಿಂತರೆ ಸೆಕೆಯಾಗುತ್ತದೆ, ಗೊತ್ತಾಗುತ್ತದೆ. ಭಾಗಾಕಾರ ತಪ್ಪಿದರೆ ಯಾವ ಸದ್ದೂ ಇಲ್ಲ, ಹೊಗೆಯೂ ಇಲ್ಲ. ತಪ್ಪಿದ ಅಂಕಿಯೂ ಸರಿಯಾದ ಅಂಕಿಯಷ್ಟೇ ಠೀವಿಯಿಂದ ಪರದೆಯ ಮೇಲೆ ಕೂತಿರುತ್ತದೆ. ಹಾಗಿರುವಾಗ ಗೊತ್ತಿದ್ದವರು ಹೇಳದೆ ಇನ್ನಾರು ಹೇಳಬೇಕು?

ಸಿಟ್ಟು ನೇರವಾಗಿ ಇಂಟೆಲ್ ಮೇಲೆಯೇ ತಿರುಗಲು ಇನ್ನೊಂದು ಕಾರಣವಿತ್ತು. ಒಳಗಿನ ಬಿಡಿಭಾಗ ಯಾರದೆಂದು ಕೊಳ್ಳುವವರು ಅಷ್ಟಾಗಿ ಕೇಳದಿದ್ದ ಕಾಲದಲ್ಲಿ, 1991ರಿಂದ 'ಇಂಟೆಲ್ ಇನ್‌ಸೈಡ್' ಎಂಬ ಜಾಹೀರಾತು ಹೂಡಿ ಕಂಪನಿ ತನ್ನ ಹೆಸರನ್ನು ಮನೆಮಾತು ಮಾಡಿತ್ತು. ಹೊಗಳಿಕೆಗೆ ಹೆಸರು ಕೊಟ್ಟವರು ದೂರಿಗೂ ವಿಳಾಸ ಕೊಟ್ಟಂತಾಯಿತು. ನಗೆಹನಿಗಳೂ ಹುಟ್ಟಿಕೊಂಡವು. ಈ ಚಿಪ್‌ಗೆ 586 ಎಂದು ಯಾಕೆ ಹೆಸರಿಡಲಿಲ್ಲ? 486ಕ್ಕೆ 100 ಕೂಡಿಸಿದಾಗ 585.99998 ಎಂದು ಉತ್ತರ ಬಂತಂತೆ!

ಮಾತು ಬದಲಾದ ದಿನ

1994ರ ಡಿಸೆಂಬರ್ 20ರಂದು ಇಂಟೆಲ್ ತನ್ನ ನಿಲುವು ಬದಲಿಸಿತು. ಕೇಳಿದ ಯಾರಿಗಾದರೂ, ಕಾರಣ ಕೇಳದೆ, ಪುಕ್ಕಟೆಯಾಗಿ ಚಿಪ್ ಬದಲಾಯಿಸಿ ಕೊಡುವುದಾಗಿ ಘೋಷಿಸಿತು. ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಕ್ಷಮೆ ಕೇಳಿತು. ಇದಕ್ಕಾಗಿ ಕಂಪನಿ ತನ್ನ ಲೆಕ್ಕಪುಸ್ತಕದಲ್ಲಿ ಬರೆದುಕೊಂಡ ನಷ್ಟ 47.5 ಕೋಟಿ ಡಾಲರ್. ಮುಖ್ಯಸ್ಥರಾಗಿದ್ದ ಆಂಡಿ ಗ್ರೋವ್ 1996ರಲ್ಲಿ ಬರೆದ ಪುಸ್ತಕದ ಆರಂಭದಲ್ಲೇ ಈ ಪ್ರಸಂಗವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು.

ವಿಶೇಷವೆಂದರೆ, ಬದಲಾಯಿಸಿ ಕೊಡುತ್ತೇವೆ ಎಂದ ಮೇಲೆ ಮನೆಬಳಕೆಯ ಗ್ರಾಹಕರಲ್ಲಿ ಬಹುಪಾಲು ಜನ ಬದಲಾಯಿಸಿಕೊಳ್ಳಲು ಹೋಗಲೇ ಇಲ್ಲ. ಅವರಿಗೆ ಬೇಕಾಗಿದ್ದುದು ಹೊಸ ಚಿಪ್ ಅಲ್ಲ. ಬೇಕೋ ಬೇಡವೋ ಎಂದು ತೀರ್ಮಾನಿಸುವ ಹಕ್ಕು ತಮ್ಮದಾಗಬೇಕಿತ್ತು. ಅದು ಸಿಕ್ಕಿದ ಮೇಲೆ ಸಿಟ್ಟು ಇಳಿಯಿತು. 1994ರಲ್ಲಿ 1,150 ಕೋಟಿ ಡಾಲರ್ ಆಸುಪಾಸಿನಲ್ಲಿದ್ದ ಕಂಪನಿಯ ವಹಿವಾಟು ಮರುವರ್ಷವೇ 1,620 ಕೋಟಿಗೆ ಏರಿತು.

ಪಾಠ ಅಲ್ಲಿಗೆ ಮುಗಿಯಲಿಲ್ಲ. ಚಿಪ್‌ಗಳಲ್ಲಿ ಕಂಡುಬಂದ ದೋಷಗಳ ಪಟ್ಟಿಯನ್ನು ಸಾರ್ವಜನಿಕವಾಗಿ ಪ್ರಕಟಿಸುವ ರೂಢಿ ಬೆಳೆಯಿತು. ಲೆಕ್ಕ ಮಾಡುವ ಭಾಗಗಳು ಸರಿಯಾಗಿವೆಯೆಂದು ಉದಾಹರಣೆಗಳಿಂದ ಪರೀಕ್ಷಿಸಿದರೆ ಸಾಲದು, ರೇಖಾಗಣಿತದ ಪ್ರಮೇಯದಂತೆ ಸಾಧಿಸಿಯೇ ತೋರಿಸಬೇಕು ಎಂಬ ವಿಧಾನಕ್ಕೆ ಬಲ ಬಂತು. 2011ರ ಜನವರಿ 31ರಂದು ಇಂಟೆಲ್ ತನ್ನ ಇನ್ನೊಂದು ಚಿಪ್‌ಸೆಟ್‌ನಲ್ಲಿ, ಕಾಲಕ್ರಮೇಣ ಹಾರ್ಡ್ ಡಿಸ್ಕ್ ಸಂಪರ್ಕ ಕುಂದುವಂಥ ದೋಷವಿದೆಯೆಂದು ತಾನೇ ಮುಂದಾಗಿ ಪ್ರಕಟಿಸಿ ಸರಬರಾಜು ನಿಲ್ಲಿಸಿತು. ದುರಸ್ತಿ ಮತ್ತು ಬದಲಾವಣೆಗೆ ಅಂದಾಜಿಸಿದ ಖರ್ಚು 70 ಕೋಟಿ ಡಾಲರ್. ಮೊತ್ತ ಹಿಂದಿನದಕ್ಕಿಂತ ದೊಡ್ಡದು, ಗದ್ದಲ ಮಾತ್ರ ಎಷ್ಟೋ ಚಿಕ್ಕದು.

ಹಳೆಯ ಕಥೆಗೆ ಒಂದು ಹೊಸ ತಿರುವೂ ಇದೆ. ಹಳೆಯ ಚಿಪ್‌ಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅಧ್ಯಯನ ಮಾಡುವ ಕೆನ್ ಶಿರಿಫ್ 2024ರ ಡಿಸೆಂಬರ್‌ನಲ್ಲಿ ಆ ಪೆಂಟಿಯಮ್ ಕೋಷ್ಟಕವನ್ನು ಮನೆಮನೆಯಾಗಿ ಓದಿದರು. ನಿಜವಾಗಿ ಬಿಟ್ಟುಹೋಗಿದ್ದ ಮನೆಗಳು ಐದಲ್ಲ, ಹದಿನಾರು! ಉಳಿದ ಹನ್ನೊಂದು ಮನೆಗಳಿಗೆ ಲೆಕ್ಕ ಎಂದೂ ತಲುಪದಿದ್ದುದು ಕೇವಲ ಅದೃಷ್ಟ.

ತಪ್ಪಿಲ್ಲದಿದ್ದರೂ ಹೊಣೆ

ಇದಕ್ಕೆ ಹನ್ನೆರಡು ವರ್ಷ ಹಿಂದಿನ ಇನ್ನೊಂದು ಘಟನೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. 1982ರ ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕದ ಶಿಕಾಗೊ ನಗರದ ಆಸುಪಾಸಿನಲ್ಲಿ ಟೈಲೆನಾಲ್ ಎಂಬ ನೋವಿನ ಮಾತ್ರೆ ನುಂಗಿದ ಏಳು ಮಂದಿ ಸತ್ತರು. ಯಾರೋ ಪಾತಕಿ ಅಂಗಡಿಯಲ್ಲಿದ್ದ ಸೀಸೆಗಳ ಕ್ಯಾಪ್ಸೂಲುಗಳಿಗೆ ಸಯನೈಡ್ ಬೆರೆಸಿದ್ದ. ತಯಾರಕರಾದ ಜಾನ್ಸನ್ ಅಂಡ್ ಜಾನ್ಸನ್ ಸಂಸ್ಥೆಯ ಕಾರ್ಖಾನೆಯಲ್ಲಿ ತಪ್ಪೇನೂ ಆಗಿರಲಿಲ್ಲ. ಆದರೂ ಸಂಸ್ಥೆ 'ನಮ್ಮ ಮಾತ್ರೆ ನುಂಗಬೇಡಿ' ಎಂದು ತಾನೇ ಸಾರಿತು. ದೇಶದಾದ್ಯಂತ ಸುಮಾರು 3.1 ಕೋಟಿ ಸೀಸೆಗಳನ್ನು ಹಿಂದಕ್ಕೆ ಪಡೆಯಿತು. ಖರ್ಚು 10 ಕೋಟಿ ಡಾಲರಿಗೂ ಹೆಚ್ಚು. ಕೆಲವೇ ವಾರಗಳಲ್ಲಿ, ತೆರೆದರೆ ಗೊತ್ತಾಗುವಂಥ ಮೂರು ಮುದ್ರೆಗಳ ಹೊಸ ಸೀಸೆ ಬಂತು. ಇಂದು ಔಷಧಿ ಅಂಗಡಿಯಲ್ಲಿ ಸೀಸೆಯ ಮೂತಿಗೆ ಅಂಟಿಸಿದ ಹಾಳೆಯನ್ನು ನಾವು ಕಿತ್ತು ತೆಗೆಯುವುದರ ಹಿಂದೆ ಆ ಏಳು ಸಾವುಗಳ ನೆನಪಿದೆ. ಒಂದು ವರ್ಷದೊಳಗೆ ಜನ ಬಹುಮಟ್ಟಿಗೆ ಅದೇ ಮಾತ್ರೆಗೆ ಮರಳಿದರು.

ಹಾಗೆಂದು ಒಮ್ಮೆ ಗಳಿಸಿದ ನಂಬಿಕೆ ಪಿತ್ರಾರ್ಜಿತ ಆಸ್ತಿಯಲ್ಲ. ಇದೇ ಸಂಸ್ಥೆಯ ಅಂಗಸಂಸ್ಥೆಯೊಂದು ತಯಾರಿಸಿದ ಕೃತಕ ಸೊಂಟದ ಕೀಲನ್ನು 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಬೇಕಾಯಿತು. ನಮ್ಮ ದೇಶದಲ್ಲೂ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಅದನ್ನು ಅಳವಡಿಸಲಾಗಿತ್ತು. ಇಲ್ಲಿನ ರೋಗಿಗಳಿಗೆ ಪರಿಹಾರದ ಸೂತ್ರವನ್ನು ಸರ್ಕಾರ ಗೊತ್ತುಪಡಿಸುವ ಹೊತ್ತಿಗೆ 2018ನೇ ಇಸವಿ ಬಂದಿತ್ತು. ಕಂಪ್ಯೂಟರಿನೊಳಗಿನ ಚಿಪ್ಪನ್ನು ಕಿತ್ತು ಬದಲಾಯಿಸಬಹುದು. ಮೈಯೊಳಗಿನ ಕೀಲನ್ನು ಬದಲಾಯಿಸಬೇಕಾದರೆ ಮತ್ತೊಮ್ಮೆ ಕತ್ತರಿಗೆ ಮೈಯೊಡ್ಡಬೇಕು.

ಸುಳ್ಳು ಹೇಳಲು ಕಲಿತ ಯಂತ್ರ

ಮೇಲಿನವು ತಪ್ಪಿನ ಕಥೆಗಳು. ಯಂತ್ರಕ್ಕೆ ಬೇಕೆಂದೇ ಸುಳ್ಳು ಕಲಿಸಿದರೆ? 2015ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ ಹಾಗೆ ಮಾಡಿದ್ದನ್ನು ಒಪ್ಪಿಕೊಂಡಿತು. ಅದರ ಕೆಲವು ಡೀಸೆಲ್ ಕಾರುಗಳ ಸಾಫ್ಟ್‌ವೇರ್, ಪರೀಕ್ಷೆ ನಡೆಯುತ್ತಿದೆಯೆಂದು ತಾನಾಗಿ ಗುರುತಿಸಿ, ಆಗ ಮಾತ್ರ ಹೊಗೆಯನ್ನು ಹತೋಟಿಯಲ್ಲಿಡುತ್ತಿತ್ತು. ರಸ್ತೆಗಿಳಿದ ಮೇಲೆ ನೈಟ್ರೋಜನ್ ಆಕ್ಸೈಡುಗಳನ್ನು ಮಿತಿಯ 40 ಪಟ್ಟಿನವರೆಗೂ ಉಗುಳುತ್ತಿತ್ತು. ಇನ್‌ಸ್ಪೆಕ್ಟರು ಬಂದ ದಿನ ಮಾತ್ರ ಶಿಸ್ತಾಗಿರುವ ಶಾಲೆಯ ಹಾಗೆ! ಜಗತ್ತಿನಾದ್ಯಂತ ಇಂಥ ಸುಮಾರು 1.1 ಕೋಟಿ ಕಾರುಗಳಿದ್ದವು.

ಇದನ್ನು ಬಯಲಿಗೆಳೆಯಲು ಕಾರಣವಾದದ್ದು ದೊಡ್ಡ ಸರ್ಕಾರಿ ತನಿಖೆಯಲ್ಲ. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಚಿಕ್ಕ ತಂಡವೊಂದು 2013ರಲ್ಲಿ ಹೊಗೆ ಅಳೆಯುವ ಉಪಕರಣವನ್ನು ಕಾರಿಗೇ ಕಟ್ಟಿಕೊಂಡು ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಿಸಿ ಅಳೆಯಿತು. ಆ ತಂಡದ ಸಂಶೋಧನಾ ವಿದ್ಯಾರ್ಥಿಗಳಲ್ಲಿ ಬೆಂಗಳೂರು ಮೂಲದ ಹೇಮಂತ್ ಕಪ್ಪಣ್ಣ ಒಬ್ಬರು. ಕಂಪನಿಯನ್ನು ಹಿಡಿಯಬೇಕೆಂದು ಅವರು ಹೊರಟಿರಲಿಲ್ಲ. ಅಂಕಿಗಳು ತಾಳೆಯಾಗದಿದ್ದಾಗ ನೈಸ್ಲಿಯವರಂತೆಯೇ ಮೊದಲು ತಮ್ಮ ಉಪಕರಣವನ್ನು ಅನುಮಾನಿಸಿ, ಮತ್ತೆ ಮತ್ತೆ ಅಳೆದರು.

ನಮ್ಮ ಕೈಯಲ್ಲಿರುವುದೇನು?

ಇವೆಲ್ಲ ದೂರದ ದೇಶದ ಕಥೆಗಳೆಂದು ತಂದೆತಾಯಿಗಳು ಪುಟ ಮಗುಚಬೇಕಾಗಿಲ್ಲ. ನಮ್ಮ ಗ್ರಾಹಕ ಸಂರಕ್ಷಣಾ ಕಾಯಿದೆ ಮೊದಲು ಬಂದದ್ದು 1986ರಲ್ಲಿ. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದ ಡಿಸೆಂಬರ್ 24ನ್ನು ಈಗಲೂ ರಾಷ್ಟ್ರೀಯ ಗ್ರಾಹಕರ ದಿನವೆಂದು ಆಚರಿಸುತ್ತೇವೆ. ಅದರ ಜಾಗದಲ್ಲಿ ಬಂದ 2019ರ ಕಾಯಿದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಇದರಲ್ಲಿ ಉತ್ಪನ್ನದ ಹೊಣೆಗಾರಿಕೆಗೆಂದೇ ಒಂದು ಅಧ್ಯಾಯವಿದೆ. ತಯಾರಿಕೆಯಲ್ಲಿ ದೋಷ, ವಿನ್ಯಾಸದಲ್ಲಿ ದೋಷ, ಸರಿಯಾದ ಸೂಚನೆ ಅಥವಾ ಎಚ್ಚರಿಕೆ ಕೊಡದಿರುವುದು, ಕೊಟ್ಟ ಭರವಸೆಗೆ ತಕ್ಕಂತಿಲ್ಲದಿರುವುದು, ಇವುಗಳಿಂದ ಬಳಸುವವರಿಗೆ ಹಾನಿಯಾದರೆ ತಯಾರಕ ಪರಿಹಾರ ಕೊಡಬೇಕು. ಅಪಾಯಕಾರಿ ವಸ್ತುವನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯುವಂತೆ ಆದೇಶಿಸುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ.

ದೂರು ಕೊಡಲು ಕಂಪನಿ ಇರುವ ಊರಿಗೆ ಅಲೆಯಬೇಕಾಗಿಲ್ಲ. ನೀವು ವಾಸವಾಗಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಸಲ್ಲಿಸಬಹುದು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ಕಡ್ಡಾಯವೂ ಇಲ್ಲ. ಆದರೆ ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಸಲ್ಲಿಸಬೇಕು. ಆರಂಭದ ಸಲಹೆಗೆ 1915 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ.

ಕಾನೂನು ಇದ್ದಷ್ಟಕ್ಕೇ ಸಾಲದು, ಕಾಗದವೂ ಬೇಕು. ಹತ್ತು ರೂಪಾಯಿ ಉಳಿಯುತ್ತದೆಂದು ಬಿಲ್ ಬೇಡವೆನ್ನುವವರು ತಮ್ಮ ಹಕ್ಕನ್ನೇ ಹತ್ತು ರೂಪಾಯಿಗೆ ಮಾರಿಕೊಂಡಂತೆ. ಬಿಲ್ಲು, ವಾರಂಟಿ ಪತ್ರ, ಪೆಟ್ಟಿಗೆಯ ಮೇಲಿನ ಕ್ರಮಸಂಖ್ಯೆ, ಇವನ್ನು ಒಂದು ಲಕೋಟೆಯಲ್ಲಿ ಹಾಕಿಡಿ. ದೋಷ ಕಂಡ ದಿನಾಂಕ, ಏನು ಮಾಡಿದಾಗ ಏನಾಯಿತು ಎಂಬುದನ್ನು ಬರೆದಿಡಿ, ಚಿತ್ರ ತೆಗೆದಿಡಿ. ಬಾಯಿಮಾತಿನ ಜಗಳಕ್ಕಿಂತ ಬರೆದ ಒಂದು ಪತ್ರಕ್ಕೆ ಬೆಲೆ ಹೆಚ್ಚು. ಈ ಲಕೋಟೆಯ ಕೆಲಸವನ್ನು ಮನೆಯ ಮಕ್ಕಳಿಗೇ ವಹಿಸಿ ನೋಡಿ. ನೈಸ್ಲಿಯವರನ್ನು ಯಾರೂ ತಳ್ಳಿಹಾಕಲಾಗದೆ ಹೋದದ್ದು ಅವರ ದನಿ ದೊಡ್ಡದಿತ್ತೆಂದಲ್ಲ. ದೂರುವ ಮೊದಲು ತಮ್ಮ ತಪ್ಪಿನ ಸಾಧ್ಯತೆಯನ್ನೆಲ್ಲ ಅವರೇ ತೊಡೆದುಹಾಕಿದ್ದರು, ಯಾರು ಬೇಕಾದರೂ ಮಾಡಿನೋಡಬಹುದಾದ ಲೆಕ್ಕವನ್ನು ಕೈಯಲ್ಲಿ ಹಿಡಿದಿದ್ದರು.

ಮೇಜಿನ ಆಚೆ ಬದಿ

ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಮಾತು. ಇಂದು ನೀವು ಮೇಜಿನ ಈ ಬದಿಯಲ್ಲಿ, ಕೊಳ್ಳುವವರ ಸಾಲಿನಲ್ಲಿ ಇದ್ದೀರಿ. ನಿಮ್ಮಲ್ಲಿ ಎಷ್ಟೋ ಮಂದಿ ನಾಳೆ ಆಚೆ ಬದಿಗೆ ಹೋಗುವವರು. 2008ರ ಸೆಪ್ಟೆಂಬರ್‌ನಲ್ಲಿ ಇಂಟೆಲ್ ಬಿಡುಗಡೆ ಮಾಡಿದ ಆರು ಕೋರ್‌ಗಳ ಕ್ಸಿಯಾನ್ 7400 ಚಿಪ್‌ನ ವಿನ್ಯಾಸ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಚಿಪ್‌ನ ವಿನ್ಯಾಸದಲ್ಲಿ ಖಾಲಿ ಮನೆಗಳಿವೆಯೇ ಎಂದು ಹುಡುಕುವ ಕೆಲಸಕ್ಕೆ ವೆರಿಫಿಕೇಷನ್ ಎಂದು ಹೆಸರು. ಈ ನಗರದಲ್ಲಿ ಬಹಳಷ್ಟು ಎಂಜಿನಿಯರುಗಳು ಮಾಡುತ್ತಿರುವುದು ಅದನ್ನೇ.

ಒಂದು ಸಂಜೆ, ಸರಕು ಮಾರುಕಟ್ಟೆಗೆ ಹೋಗಿ ವರ್ಷವಾದ ಮೇಲೆ, ನಿಮ್ಮ ಪರದೆಯ ಮೇಲೆ ಅಂಥ ಐದು ಮನೆಗಳು ಕಾಣಿಸಿಕೊಳ್ಳಬಹುದು. ಇದು 27,000 ವರ್ಷಗಳಿಗೊಮ್ಮೆ ಆಗುವ ಸಂಗತಿ, ಕೊಂಡವರಿಗೆ ಹೇಳುವುದೇಕೆ ಎಂದು ಪಕ್ಕದ ಕುರ್ಚಿಯಿಂದ ಯಾರಾದರೂ ಹೇಳಬಹುದು. ಹಾಗೆ ಹೇಳುವವರು ಕೆಟ್ಟವರಾಗಿರಬೇಕೆಂದೇನಿಲ್ಲ. ಅವರ ಲೆಕ್ಕವೂ ಸರಿಯಿರಬಹುದು. ಆ ಹೊತ್ತಿನಲ್ಲಿ, ಮಗಳಿಗಾಗಿ ಸಾಲ ಮಾಡಿ ಲ್ಯಾಪ್‌ಟಾಪ್ ಕೊಳ್ಳಲು ಅಂಗಡಿಯಲ್ಲಿ ನಿಂತಿದ್ದ ಆ ತಂದೆಯನ್ನು ನೆನಪಿಸಿಕೊಳ್ಳಿ. ಅವರಿಗೆ ತಟ್ಟಿ ನೋಡಲು ಬರುವುದಿಲ್ಲ. ಅವರ ಪರವಾಗಿ ತಟ್ಟಿ ನೋಡಿದವರು ನೀವು. ಕೇಳಿಸಿದ್ದನ್ನು ಅವರಿಗೆ ತಿಳಿಸಬೇಕಾದವರೂ ನೀವೇ.